ಹಳೇ ದ್ರಾವಣ ಮುಗಿಯುವವರೆಗೆ

ಆ ಸರ್ಕಾರಿ ಕಚೇರಿಯ ಉಗ್ರಾಣ ನೋಡಿಕೊಳ್ಳುತ್ತಿದ್ದವನನ್ನು ಎಲ್ಲರೂ ‘ರೂಲ್ಸಣ್ಣ’ ಎಂದೇ ಕರೆಯುತ್ತಿದ್ದರು. ಒಂದು ಗುಂಡುಸೂಜಿ ಬೇಕೆಂದರೂ ಚೀಟಿ ಕೇಳುವ ಆಸಾಮಿ. ಸಾಹೇಬರೇ ಹುಬ್ಬು ಗಂಟಿಕ್ಕಿದರೂ ಜಗ್ಗುತ್ತಿರಲಿಲ್ಲ. ಬೆನ್ನ ಹಿಂದೆ ನಗುವವರು ನಗುತ್ತಿದ್ದರು. ಅವನ ಕೈ ಶುದ್ಧವಲ್ಲ ಎಂದು ಮಾತ್ರ ಯಾರೂ ಹೇಳುವಂತಿರಲಿಲ್ಲ.

ಅದೇ ಕಚೇರಿಯ ನೆಲ, ಪಾಯಿಖಾನೆ ತೊಳೆಯುವ ಹೆಂಗಸರಲ್ಲಿ ಅವನ ಅಕ್ಕನೂ ಒಬ್ಬಳು. ತಾಯಿಯಿಲ್ಲದ ತಮ್ಮನನ್ನು ಓದಿಸಿ ಕುರ್ಚಿಯ ಮೇಲೆ ಕೂರಿಸಿದವಳು ಅವಳೇ. ತೊಳೆಯುವ ದ್ರಾವಣದ ಘಾಟು ವರ್ಷಗಟ್ಟಲೆ ಕುಡಿದು ಅವಳ ಎದೆ ಹಾಳಾಗಿತ್ತು. ನಾಲ್ಕು ಮೆಟ್ಟಿಲು ಹತ್ತಿದರೆ ಗೋಡೆ ಹಿಡಿದು ನಿಲ್ಲುವಳು. “ಆ ಘಾಟು ತಪ್ಪಿಸದಿದ್ರೆ ಈ ಜೀವ ಉಳಿಯಲ್ಲ,” ಎಂದು ಡಾಕ್ಟರು ತಮ್ಮನಿಗೆ ಖಡಾಖಂಡಿತವಾಗಿ ಹೇಳಿದ್ದರು. ಕೆಲಸ ಬಿಡು ಎಂದರೆ ಅವಳು, “ಮನೇಲಿ ಕೂತು ನಿನ್ನ ಮುಖ ನೋಡ್ತಾ ಇರ್ಲಾ? ಅದಕ್ಕಿಂತ ಪಾಯಿಖಾನೇನೇ ವಾಸಿ ಬಿಡೋ,” ಎಂದು ನಗುವಳು.

ಅಷ್ಟರಲ್ಲಿ ಮೇಲಿನಿಂದ ಆದೇಶ ಬಂತು: ಇನ್ನು ಮುಂದೆ ಕಚೇರಿಗಳು ಪರಿಸರಕ್ಕೆ ಹಾನಿಯಿಲ್ಲದ ವಸ್ತುಗಳನ್ನೇ ಕೊಳ್ಳಬೇಕು. ಸಾಹೇಬರ ಪಾಲಿಗೆ ಅದು ಮರುಬಳಕೆಯ ಕಾಗದ, ಕರೆಂಟು ಉಳಿಸುವ ಬಲ್ಬು. ರೂಲ್ಸಣ್ಣನ ಪಾಲಿಗೆ ಅಕ್ಕನ ಉಸಿರು. ಜನ್ಮದಲ್ಲಿ ಯಾರ ಮುಂದೆಯೂ ಹಲ್ಲು ಗಿಂಜದವನು ಖರೀದಿ ಸಮಿತಿಯ ಒಬ್ಬೊಬ್ಬರ ಮೇಜಿಗೂ ಹೋಗಿ ದುಂಬಾಲು ಬಿದ್ದ. ಘಾಟಿಲ್ಲದ, ನೀರಿಗೂ ಮಣ್ಣಿಗೂ ಕೇಡಿಲ್ಲದ ದ್ರಾವಣಕ್ಕೆ ಕೊನೆಗೂ ಒಪ್ಪಿಗೆ ಸಿಕ್ಕಿತು. ಬಿಳಿ ಕ್ಯಾನುಗಳು ಬಂದಿಳಿದ ದಿನ ಅವನು ಎಲ್ಲರಿಗೂ ಟೀ ಕುಡಿಸಿದ.

ಆದರೆ ಹಳೇ ದ್ರಾವಣದ ಡ್ರಮ್ಮುಗಳು ಇನ್ನೂ ಉಳಿದಿದ್ದವು. ಹಳೆಯದು ಮುಗಿಯದೆ ಹೊಸದನ್ನು ಕೊಡುವಂತಿಲ್ಲ ಎಂಬುದು ಉಗ್ರಾಣದ ನಿಯಮ.

“ನಂಗೊಂದು ಕ್ಯಾನು ಕೊಟ್ಬಿಡೋ. ಯಾರು ನೋಡ್ತಾರೆ?” ಎಂದಳು ಅಕ್ಕ.

“ಅಕ್ಕನಿಗೋಸ್ಕರ ರೂಲ್ಸ್ ಮುರಿದ ಅಂತಾರೆ. ಸ್ವಲ್ಪ ದಿನ ತಡ್ಕೋ.”

“ಆಯ್ತು ಬಿಡು ಮಹಾರಾಯ,” ಎಂದಳು. ಮತ್ತೆ ಕೇಳಲಿಲ್ಲ. ಬೀಗದ ಕೈ ಇದ್ದದ್ದು ಅವನ ಜೇಬಿನಲ್ಲೇ. ಇಂಥ ಪ್ರಾಮಾಣಿಕತೆಗೆ ಏನನ್ನೋಣ!

ಆಮೇಲೆ ಹೆಂಗಸರ ಚೀಟಿಗಳಲ್ಲಿ ದ್ರಾವಣದ ಅಳತೆ ಏರುತ್ತಾ ಹೋಗಿ, ಹಳೇ ಡ್ರಮ್ಮುಗಳು ಬೇಗ ಬೇಗ ಬರಿದಾಗತೊಡಗಿದವು. ಒಯ್ದದ್ದನ್ನು ಯಾರೋ ಕದ್ದು ಹೊರಗೆ ಮಾರುತ್ತಿದ್ದಾರೆಂದು ರೂಲ್ಸಣ್ಣನಿಗೆ ಅನುಮಾನ. ಹೆಂಗಸರನ್ನೆಲ್ಲ ಉಗ್ರಾಣದ ಬಾಗಿಲಿಗೆ ಕರೆಸಿ, “ಸರ್ಕಾರದ ಮಾಲು ಮಾರ್ಕೊಂಡು ತಿನ್ನೋಕೆ ನಾಚ್ಕೆ ಆಗಲ್ವಾ?” ಎಂದು ಹರಿಹಾಯ್ದ. ಅಕ್ಕ ಮುಖ ತಿರುಗಿಸಿ ಕೆಮ್ಮಿದಳು. “ನಿನಗೂ ಸೇರಿಸೇ ಹೇಳಿದ್ದು,” ಎಂದ, ಎಲ್ಲರಿಗೂ ಕೇಳುವಂತೆ. ಪಕ್ಷಪಾತ ಮಾಡಿದ ಅನ್ನಿಸಿಕೊಳ್ಳಬಾರದಲ್ಲ!

ಅದೇ ವಾರ ಅವಳು ಮೇಲಿನ ಮಹಡಿಯ ಪಾಯಿಖಾನೆಯಲ್ಲಿ ಕುಸಿದುಬಿದ್ದಳು. ಆಸ್ಪತ್ರೆಯ ಮಂಚದಲ್ಲಿ, ಮೂಗಿಗೆ ಕೊಳವೆ ಸಿಕ್ಕಿಸಿಕೊಂಡೇ, “ಇನ್ನೇನು ತಳ ಕಾಣ್ತಾ ಇದೆ ಕಣೋ,” ಎಂದು ಖುಷಿಯಿಂದ ಹೇಳಿದಳು. ಏನೋ ಕನವರಿಸುತ್ತಿದ್ದಾಳೆ ಎಂದುಕೊಂಡ ತಮ್ಮ. ಮರುದಿನ ಅವಳು ಹೋಗಿಬಿಟ್ಟಳು.

ಮಣ್ಣು ಮಾಡಿ ಕೆಲಸಕ್ಕೆ ಮರಳಿದಾಗ ಹಳೇ ಡ್ರಮ್ಮುಗಳೆಲ್ಲ ಖಾಲಿಯಾಗಿದ್ದವು. ಹೊಸ ಕ್ಯಾನುಗಳನ್ನು ಹಂಚಲು ಕೂತ. ಸಾಲಿನಲ್ಲಿ ಮೊದಲು ನಿಂತವಳು ಅಕ್ಕನ ಜೊತೆಗಾತಿ. ಕ್ಯಾನು ಇಸಿದುಕೊಂಡವಳು ಅಲ್ಲಿಂದ ಕದಲಲಿಲ್ಲ.

“ನಾವ್ಯಾರೂ ಕದ್ದಿಲ್ಲ ಸಾರ್. ತಮ್ಮನಿಗೆ ಕೆಟ್ಟ ಹೆಸರು ಬರೋದು ಬೇಡ, ಹಳೇದು ಬೇಗ ಮುಗಿಸಿಬಿಡೋಣ ಅಂತ ಅವಳೇ ಬಕೆಟ್ಟಿಗೆ ದುಪ್ಪಟ್ಟು ಸುರೀತಿದ್ಲು. ನಮ್ಮನ್ನ ಆಚೆ ಕಳಿಸಿ, ಬಾಗಿಲು ಹಾಕ್ಕೊಂಡು ಒಬ್ಬಳೇ ತೊಳೀತಿದ್ಲು. ಹೇಳಕೂಡದು ಅಂತ ಆಣೆ ಮಾಡಿಸ್ಕೊಂಡಿದ್ಲು.”

ರೂಲ್ಸಣ್ಣ ಮುಂದಿನ ಕ್ಯಾನಿಗೆ ಕೈ ಹಾಕಿದ. ಎತ್ತಲು ಆಗಲಿಲ್ಲ. ಅದರ ಮೇಲೆಯೇ ಹಣೆಯಿಟ್ಟು, ಅಷ್ಟು ಹೆಂಗಸರ ಎದುರಿಗೆ ಬಿಕ್ಕಿ ಬಿಕ್ಕಿ ಅತ್ತ.

“ಬಾಯಿ ಬಿಟ್ಟು ಕೇಳಿದ್ಲಮ್ಮಾ,” ಎಂದ. “ಒಂದೇ ಒಂದು ಕೇಳಿದ್ಲು. ನಾನು ಕೊಡಲಿಲ್ಲ.”