ಇಲಿಗಳ ನೀರು, ಅಕ್ಕನ ಗುಳಿಗೆ

ನಾನು ಲ್ಯಾಬಿನಲ್ಲಿ ಇಲಿ ನೋಡಿಕೊಳ್ಳುವವಳು. ಬ್ರಹ್ಮಾವರದಲ್ಲಿ ಬಾಡಿಗೆ ಮನೆ, ಅಲ್ಲಿಂದ ದಿನಾ ಬಸ್ಸು. ಹೋದ ಕೂಡಲೇ ಮಾಡುವ ಮೊದಲ ಕೆಲಸ ಪಂಜರಗಳ ಬಾಟ್ಲಿಗೆ ನೀರು ತುಂಬಿಸುವುದು. ನೀರು ಕಡಿಮೆಯಾದರೆ ಇಲಿಯ ಕಿಡ್ನಿ ಸೊರಗುತ್ತದೆ, ಪ್ರಯೋಗವೇ ತಪ್ಪುತ್ತದೆ. ಹಾಗಾಗಿ ಇಲಿಗಳ ಬಾಯಾರಿಕೆಯ ವಿಷಯದಲ್ಲಿ ನಾನು ಬಹಳ ಕಟ್ಟುನಿಟ್ಟು.

ಪ್ರಯೋಗ ಇಷ್ಟೇ. ಮದ್ದು ಕೊಟ್ಟು ಮಲಗಿಸಿದ ಇಲಿಯ ಕಿಡ್ನಿಗೆ ಹೋಗುವ ರಕ್ತನಾಳಕ್ಕೆ ಸಣ್ಣ ಕ್ಲಿಪ್ಪು ಹಾಕುತ್ತಾರೆ. ಸ್ವಲ್ಪ ಹೊತ್ತಿನಲ್ಲಿ ಕಿಡ್ನಿ ಕಪ್ಪಾಗುತ್ತದೆ. ಕ್ಲಿಪ್ಪು ತೆಗೆದರೆ ಮತ್ತೆ ಕೆಂಪು. ಎಲ್ಲ ಸರಿಹೋಯಿತು ಅನ್ನಿಸುತ್ತದೆ, ಆದರೆ ತಿರುಗಿ ನುಗ್ಗಿದ ರಕ್ತ ಇನ್ನಷ್ಟು ಹಾಳು ಮಾಡಿರುತ್ತದೆ. ನರಗಳಲ್ಲಿ ಹುಟ್ಟುವ ಒಂದು ಪುಟ್ಟ ಪ್ರೋಟೀನಿನ ತುಂಡನ್ನು ಚುಚ್ಚಿದ್ದರೆ ಆ ಹಾನಿ ಎಷ್ಟೋ ಕಡಿಮೆ. ಚುಚ್ಚುವುದು ಮಾತ್ರ ಹಾನಿಗೆ ಮೊದಲೇ ಆಗಬೇಕು.

ನನ್ನ ಅಕ್ಕ ತ್ರಾಸಿಯಲ್ಲಿ ಹೆದ್ದಾರಿ ಬದಿಗೆ ಕೂತು ಮೀನು ಮಾರುತ್ತಿದ್ದಳು. ಬೆಳಿಗ್ಗೆ ಒಂದು ಲೋಟ ಚಾ ಕುಡಿದು ಹೊರಟರೆ ಮನೆಗೆ ಬರುವ ತನಕ ಒಂದು ಹನಿ ನೀರು ಮುಟ್ಟುವವಳಲ್ಲ. ಅಮ್ಮನೂ ಹಾಗೆಯೇ ಇದ್ದಳು, ಬುಟ್ಟಿ ಹೊತ್ತ ಕಾಲದಲ್ಲಿ ನಾನೂ ಹಾಗೆಯೇ ಇದ್ದೆ. “ನೀರ್ ಕುಡ್ದ್ರೆ ಎಲ್ಲಿಗ್ ಹೋಪುದ್?” ಎಂದರೆ ಅಲ್ಲಿಗೆ ಮಾತು ಮುಗಿಯಿತು. ನನಗೆ ಬಾಗಿಲು ಹಾಕಿಕೊಳ್ಳಬಹುದಾದ ಕಕ್ಕಸು ಇರುವ ಕೆಲಸ ಸಿಕ್ಕಿತು, ನಾನು ಬೇಕಾದಷ್ಟು ಕುಡಿಯಲು ಕಲಿತೆ. ಇಲಿಗಳಿಗೆ ದಿನಾ ಬಾಟ್ಲಿ ತುಂಬಿಸುತ್ತೇನೆ ಎಂದಾಗ ಅವಳು ನಕ್ಕು, ಹಾಗಾದರೆ ಮುಂದಿನ ಜನ್ಮಕ್ಕೆ ನಿನ್ನ ಇಲಿಯಾಗಿ ಹುಟ್ಟುತ್ತೇನೆ ಎಂದಿದ್ದಳು. ನಾನೂ ನಕ್ಕೆ. ನಕ್ಕಿದ್ದಕ್ಕೆ ಈಗ ಕೆನ್ನೆಗೆ ಬಾರಿಸಿಕೊಳ್ಳಬೇಕು ಅನ್ನಿಸುತ್ತದೆ.

ಕೂತು ಕೂತು ಅವಳ ಮೊಣಕಾಲು ಹಿಡಿದಿತ್ತು. ಒಮ್ಮೆ ನನ್ನ ಸೊಂಟನೋವಿನ ಗುಳಿಗೆ ಕೊಟ್ಟೆ. ಮರುದಿನವೇ ಫೋನು, ಮಂತ್ರ ಹಾಕಿದ ಹಾಗೆ ನೋವು ಹೋಯಿತಂತೆ. ಆಮೇಲೆ ಊರಿಗೆ ಹೋದಾಗಲೆಲ್ಲ ಚೀಲದಲ್ಲಿ ಅದೇ ಗುಳಿಗೆ ಒಯ್ದೆ. ಅದು ಕಿಡ್ನಿಗೆ ಹೋಗುವ ರಕ್ತವನ್ನು ಕಡಿಮೆ ಮಾಡುತ್ತದೆ ಎಂದು ನನಗೆ ಗೊತ್ತಿತ್ತು. ನಮ್ಮ ಇಲಿಗಳಿಗೆ ನೋವಿಗೆ ಆ ಜಾತಿಯ ಮದ್ದು ಕೊಡಬಾರದು ಎಂದು ಲ್ಯಾಬಿನ ಗೋಡೆಯಲ್ಲಿ ಚೀಟಿ ಇತ್ತು, ಅಂಟಿಸಿದವಳೇ ನಾನು. ಊರಿಗೆ ಉಪಕಾರಿ, ಮನೆಗೆ ಮಾರಿ ಅನ್ನುತ್ತಾರೆ. ನಾನು ಉಪಕಾರ ಮಾಡಿದ್ದು ಇಲಿಗಳಿಗೆ.

ಕಳೆದ ಬೇಸಿಗೆಯಲ್ಲಿ ಅಕ್ಕನಿಗೆ ಎರಡು ದಿನ ವಾಂತಿಭೇದಿ. ಮೂರನೇ ದಿನ ಎರಡು ಗುಳಿಗೆ ನುಂಗಿ, ನೀರೂ ಕುಡಿಯದೆ ಮೀನಿಗೆ ಹೋದಳು. ಮಧ್ಯಾಹ್ನದ ಬಿಸಿಲಿಗೆ ಬುಟ್ಟಿಯ ಪಕ್ಕದಲ್ಲೇ ಬಿದ್ದಳು. ಆಸ್ಪತ್ರೆಗೆ ನಾನು ತಲುಪುವಷ್ಟರಲ್ಲಿ ಮೂತ್ರ ನಿಂತಿತ್ತು.

ಅಕ್ಕನ ಚೀಲದಲ್ಲಿದ್ದ ಗುಳಿಗೆ ನೋಡಿ, ಇಷ್ಟು ದಿನ ಇದನ್ನು ಕೊಟ್ಟವರು ಯಾರು ಎಂದು ಡಾಕ್ಟರು ಕೇಳಿದರು. ಅಕ್ಕ ನನ್ನ ಕಡೆ ನೋಡಲೇ ಇಲ್ಲ. “ನಾನೇ ಅಂಗ್ಡಿಯಂಗ್ ತಕಂಡದ್,” ಎಂದಳು. ನಾನು ಡಾಕ್ಟರು ಬರೆದ ಚೀಟಿ ಹಿಡಿದು ಮದ್ದಿನಂಗಡಿಗೆ ಹೋದೆ.

ಕಿಡ್ನಿ ಮತ್ತೆ ಚೇತರಿಸಿಕೊಳ್ಳಲಿಲ್ಲ. ಈಗ ವಾರಕ್ಕೆ ಎರಡು ಸಲ ಡಯಾಲಿಸಿಸ್. ಉಳಿದ ದಿನ ಮನೆಯಲ್ಲೇ ಇರುತ್ತಾಳೆ. ಕಕ್ಕಸು ಹತ್ತು ಹೆಜ್ಜೆ ದೂರ, ಆದರೆ ನೀರು ಡಾಕ್ಟರು ಹೇಳಿದ ಅಳತೆಯಷ್ಟೇ.

ಹೋದ ತಿಂಗಳು, ಇಲಿಗೆ ಕೊಡುವ ಆ ಮದ್ದು ತನಗೂ ಆದೀತಾ ಎಂದು ಕೇಳಿದಳು. ಅದು ಇನ್ನೂ ಮನುಷ್ಯರಿಗೆ ಬಂದಿಲ್ಲ, ಬಂದರೂ ಮೊದಲೇ ಕೊಡಬೇಕು ಎಂದೆ. ಅವತ್ತು ಡಾಕ್ಟರ ಹತ್ತಿರ ನನ್ನ ಹೆಸರು ಯಾಕೆ ಹೇಳಲಿಲ್ಲ ಎಂದು ಕೊನೆಗೂ ಕೇಳಿಬಿಟ್ಟೆ.

ಅಕ್ಕ ಸಣ್ಣ ಲೋಟದಲ್ಲಿ ಉಳಿದಿದ್ದ ನೀರನ್ನು ನೋಡುತ್ತ ಕೂತಿದ್ದಳು.

“ನಿನ್ ಕೆಲ್ಸಕ್ ಎಂತಾರೂ ಆರೆ ಅಂದ್ಹೇಳಿ ಹೆದ್ರಿಕಿ ಆಯ್ತ್ ಮಾರಾಯ್ತಿ. ಅಲ್ಲ್ ನಿಂಗ್ ಕುಡುಕೆ ನೀರಿತ್ತ್, ಹೋಪುಕೆ ಕಕ್ಕಸಿತ್ತ್.”