ವಿಭೂತಿ ಉದುರಿದ ಪುಟ

ಅಮ್ಮಿನಬಾವಿಯಿಂದ ಹುಬ್ಬಳ್ಳಿಯ ಅರಳೆ ವ್ಯಾಪಾರಿಗಳ ಮನೆಗೆ ಸೊಸೆಯಾಗಿ ಬಂದಾಗ ನನಗೆ ಇಪ್ಪತ್ತೊಂದು. ಇಷ್ಟು ದೊಡ್ಡವಳನ್ನು ಇನ್ನೂ ಮನೆಯಲ್ಲಿ ಇಟ್ಟುಕೊಂಡಿದ್ದರೇ ಎಂದು ಬೀಗರ ಕಡೆಯವರು ಮೂಗಿನ ಮೇಲೆ ಬೆರಳಿಟ್ಟಿದ್ದರಂತೆ. ನನ್ನ ಗಂಡ ವರ್ಷದ ಬಹುಪಾಲು ಮುಂಬಯಿಯಲ್ಲಿ. ಬಂದಾಗಲೂ ಅವರ ಬಾಯಲ್ಲಿ ಅರಳೆಯ ಧಾರಣೆ ಬಿಟ್ಟು ಬೇರೆ ಮಾತಿಲ್ಲ. ತುಂಬಿದ ಮನೆ, ಆದರೂ ನನ್ನ ಪಾಲಿಗೆ ಮಾತಾಡಲು ಒಂದು ಜೀವ ಇರಲಿಲ್ಲ. ಅದಕ್ಕೇ ಕಾದಂಬರಿಗೆ ಅಂಟಿಕೊಂಡೆ.

ಮಾವನವರ ತಮ್ಮ, ಅಂದರೆ ನನ್ನ ಸಣ್ಣ ಮಾವ, ವಾಚನಾಲಯದಿಂದ ಕಾದಂಬರಿ ತಂದು, ಓದಿ, ಪಡಸಾಲೆಯ ಗೂಡಿನಲ್ಲಿ ಇಡುತ್ತಿದ್ದರು. ಮಧ್ಯಾಹ್ನ ಅತ್ತೆ ಅಡ್ಡಾದ ಮೇಲೆ ನಾನು ಅದನ್ನು ಸೆರಗಿನಲ್ಲಿ ಮುಚ್ಚಿಕೊಂಡು ಜೋಳದ ಚೀಲಗಳ ಕೋಣೆ ಸೇರುತ್ತಿದ್ದೆ. ನನಗೆ ಬೇಕಾದದ್ದು ಪ್ರಣಯ, ಅದೂ ಮೈ ಬಿಸಿಯಾಗುವಂಥದ್ದು. ಇದರಲ್ಲಿ ಮುಚ್ಚಿಡುವುದೇನು? ನಾಯಕ ಖಾದಿ ತೊಟ್ಟು ಭಾಷಣ ಶುರು ಮಾಡಿದನೆಂದರೆ ಪುಟ ಹಾರಿಸುತ್ತಿದ್ದೆ. ಅವನು ನಾಯಕಿಯ ಕೈ ಹಿಡಿದು ಕೋಣೆಯ ಬಾಗಿಲು ಹಾಕಿದ ಎಂದು ನಾನು ಉಸಿರು ಬಿಗಿಹಿಡಿದು ಕೂತರೆ, ಬರೆದ ಮಹಾಶಯರು ಚಂದ್ರನ ವರ್ಣನೆಗೆ ಹೊರಟುಬಿಡುತ್ತಿದ್ದರು. ಅವರ ಚಂದ್ರನಿಗಿಷ್ಟು ಬೆಂಕಿ ಹಾಕ ಎಂದು ಬೈದು ಅದೇ ಪುಟವನ್ನು ಮತ್ತೆ ಓದುತ್ತಿದ್ದೆ. ಇದನ್ನೆಲ್ಲ ಯಾರ ಜೊತೆಗಾದರೂ ಆಡಿಕೊಂಡು ನಗಬೇಕೆಂದು ಜೀವ ಹಾತೊರೆಯುತ್ತಿತ್ತು.

ಒಂದು ಪುಸ್ತಕದಲ್ಲಿ, ಗಂಡ-ಹೆಂಡತಿ ಮಾತಾಡುವ ಎರಡು ಪುಟ ಕೂಡುವ ಸಂದಿನಲ್ಲಿ, ವಿಭೂತಿಯ ಪುಡಿ ಕಂಡಿತು. ಪೂಜೆಯಾದ ಮೇಲೆ ಹಣೆತುಂಬ ವಿಭೂತಿ ಹಚ್ಚಿಕೊಳ್ಳುವ ಮನೆ ನಮ್ಮದು. ಬಾಗಿ ಓದಿದರೆ ಅದು ಉದುರುತ್ತದೆ. ನನ್ನದು ಉದುರಿದರೆ ಕುಂಕುಮವೂ ಕೂಡಿರುತ್ತಿತ್ತು. ಇದು ಬರೀ ಬಿಳಿ. ಸಣ್ಣ ಮಾವನದೇ ಎಂದುಕೊಂಡೆ. ಮುಂದಿನ ಪುಸ್ತಕಗಳಲ್ಲೂ ಅಷ್ಟೇ. ಆ ಹುರಿಮೀಸೆಯ ಮನುಷ್ಯ ಗಂಡ-ಹೆಂಡತಿಯ ಮಾತು ಬಂದಲ್ಲಿ ಇಷ್ಟು ಹೊತ್ತು ತಡೆದು ನಿಲ್ಲುತ್ತಾರಲ್ಲ ಎಂದು ನಗು ಬಂತು, ಅಕ್ಕರೆಯೂ ಹುಟ್ಟಿತು. ಆದರೆ ಸೊಸೆಯಾದವಳು ಅವರೆದುರು ತಲೆಯೆತ್ತಿ ನಿಲ್ಲುವ ಹಾಗೂ ಇರಲಿಲ್ಲ.

ಒಂದು ಮಧ್ಯಾಹ್ನ ಗೂಡು ಖಾಲಿ. ಜೋಳದ ಕೋಣೆಗೆ ಹೋದರೆ ಅಲ್ಲಿ ಗಂಡನ ಸೋದರತ್ತೆ. ಹರೆಯದಲ್ಲೇ ಗಂಡನನ್ನು ಕಳೆದುಕೊಂಡು ತವರಿಗೆ ಬಂದವರು, ಎಲ್ಲರದೂ ಆದ ಮೇಲೆ ಒಲೆಯ ಮುಂದೆ ಒಬ್ಬರೇ ಉಣ್ಣುವವರು. ಅವರಿಗೆ ಓದಲು ಬರುತ್ತದೆಂದೇ ನನಗೆ ಗೊತ್ತಿರಲಿಲ್ಲ. ಕುಂಕುಮವಿಲ್ಲದ, ಬರೀ ವಿಭೂತಿಯ ಹಣೆಯನ್ನು ಪುಸ್ತಕಕ್ಕೆ ಬಾಗಿಸಿ ತುಟಿ ಅಲುಗಿಸುತ್ತಿದ್ದರು. ಅಂತೂ ಒಬ್ಬರು ಸಿಕ್ಕರಪ್ಪ ಎಂದು ಕುಣಿಯುವಷ್ಟು ಖುಷಿಯಾಯಿತು ನನಗೆ. ಪಕ್ಕದಲ್ಲೇ ಕೂತು, ಅವರ ಕೈಯ ಪುಸ್ತಕದಲ್ಲೇ ನಾನು ಹಿಂದಿನ ದಿನ ಓದಿದ ಪುಟ ತೆಗೆದು ತೋರಿಸಿದೆ.

"ಅತ್ಯಾ, ಇದನ್ನ ಓದಿದ್ರೇನ್ರಿ? ಅಂವ ಬಾಗಲಾ ಹಾಕ್ತಾನಲ್ರಿ, ಇದನ್ನ?"

"ಓದೇನಿ. ಅದರಾಗೇನೈತಿ ತಗಿ," ಎಂದು ಅವರು ನಾಲ್ಕು ಹಾಳೆ ಹಿಂದೆ ತಿರುವಿ ಬೆರಳಿಟ್ಟರು. ಸಂಜೆ ಮನೆಗೆ ಬಂದ ನಾಯಕ ಕಾಲು ತೊಳೆದುಕೊಂಡು, ನಿನ್ನ ಊಟವಾಯಿತೇ ಎಂದು ಹೆಂಡತಿಯನ್ನು ಕೇಳುತ್ತಾನೆ. ಅಷ್ಟೇ. ಆ ಪುಟವನ್ನು ನಾನು ಹಾರಿಸಿದ್ದೆ. ಈ ಪುಸ್ತಕದಲ್ಲೂ ವಿಭೂತಿ ಇದ್ದದ್ದು ಅಲ್ಲೇ, ಸಣ್ಣ ಮಾವನದಲ್ಲ, ಇವರದು.

"ಇದರಾಗ ಏನ್ರಿ ಅತ್ಯಾ?"

"ಬಾಗಲಾ ಹಾಕೂ ಸುಖಾ ನನಗೂ ಎರಡು ವರ್ಷ ಇತ್ತವ್ವಾ. ಊಟಾ ಆತೇನು ಅಂತ ಅವರೂ ಕೇಳಲಿಲ್ಲ. ಆಮ್ಯಾಲ ಈ ಮನ್ಯಾಗೂ ಯಾರೂ ಕೇಳಲಿಲ್ಲ."

ಮರುದಿನ ಎಲ್ಲರ ಊಟ ಮುಗಿದ ಮೇಲೆ ಅಡುಗೆಮನೆಗೆ ಹೋದೆ. ಅವರು ಇನ್ನೂ ರೊಟ್ಟಿ ಬುಟ್ಟಿಗೆ ಕೈ ಹಾಕುತ್ತಿದ್ದರು.

"ಊಟಾ ಆತೇನ್ರಿ, ಅತ್ಯಾ?"

ಅವರು ನನ್ನ ಮುಖ ನೋಡಿದರು. ಸಿಟ್ಟಿರಲಿಲ್ಲ. "ನಾ ಹೇಳಿದ ಮ್ಯಾಲ ಕೇಳಿದ್ರ ಅದು ಕೇಳಿದಂಗ ಅಲ್ಲವ್ವಾ," ಎಂದು ರೊಟ್ಟಿ ಮುರಿದುಕೊಂಡು ಒಬ್ಬರೇ ಉಂಡರು.

ಆ ಸಲ ಗಂಡ ಮುಂಬಯಿಯಿಂದ ಬಂದಾಗ ನಾನೂ ಊಟ ಆಯಿತೇನು ಎಂಬ ಅದೊಂದು ಮಾತಿಗೆ ಕಾದೆ. ಬಾಯಿಬಿಟ್ಟು ಹೇಳುವ ಹಾಗಿರಲಿಲ್ಲವಲ್ಲ. ಅವರು ಮತ್ತೆ ರೈಲು ಹತ್ತುವವರೆಗೂ ಕಾದೆ.