ಏಮಸ್ ಪಿಕೆಟ್ಟನ ಹಿಮ್ಮುಖ ದಿಬ್ಬಣ

ಏಮಸ್ ಪಿಕೆಟ್ಟನ ಕುತ್ತಿಗೆ ಹುಟ್ಟಿನಿಂದ ಓರೆಯಾಗಿರಲಿಲ್ಲ. ಅದು ಬಲಭುಜದತ್ತ ತಿರುಗಿ ನಿಲ್ಲಲಾರಂಭಿಸಿದ್ದು 1926ರ ಜೂನ್ ತಿಂಗಳ ನಂತರ, ಆತ ಓಟ್‌ಮನ್ ಊರಿನ ಗಣಿಗೆಲಸ ಬಿಟ್ಟು ಪರರ ಕಾರುಗಳನ್ನು ಘಾಟಿ ದಾಟಿಸುವ ವೃತ್ತಿ ಹಿಡಿದ ಮೇಲೆ. ಆ ಬೋಳುಬೆಟ್ಟದ ತಿರುವುಗಳನ್ನು ಕಂಡೊಡನೆ ಪ್ರಯಾಣಿಕರು ಪಕ್ಕದ ಸೀಟಿಗೆ ಸರಿದು ಕಣ್ಣು ಮುಚ್ಚಿಕೊಳ್ಳುತ್ತಿದ್ದರು. ಅಂದಿನ ಕಾರುಗಳಲ್ಲಿ ಪೆಟ್ರೋಲು ಸೀಟಿನಡಿಯ ಟ್ಯಾಂಕಿನಿಂದ ಎಂಜಿನ್ನಿಗೆ ತಾನಾಗಿಯೇ ಹರಿದು ಬರಬೇಕಿತ್ತು. ಮೂತಿಯೆತ್ತಿ ಕಡಿದಾದ ಏರು ಹತ್ತಿದರೆ ಎಂಜಿನ್ ಬಾಯಾರಿ ನಿಲ್ಲುತ್ತಿತ್ತು. ಆದ್ದರಿಂದ ಏಮಸ್ ಏರುದಾರಿಯನ್ನೆಲ್ಲ ಹಿಮ್ಮುಖವಾಗಿಯೇ ಹತ್ತಿಸಿ, ಶಿಖರದಲ್ಲಿ ಕಾರು ತಿರುಗಿಸಿ, ಆಚೆಯ ಇಳಿಜಾರಿನಲ್ಲಿ ಮುಮ್ಮುಖವಾಗಿ ಇಳಿಸುತ್ತಿದ್ದನು.

ಆತನ ಮದುವೆ ಖಾನಾವಳಿಯ ಹೆಟ್ಟಿ ಲೂಮಿಸ್‌ಳೊಂದಿಗೆ ಮೂರು ಸಲ ನಿಶ್ಚಯವಾಗಿ ಮೂರು ಸಲವೂ ತಪ್ಪಿತ್ತು. ಪ್ರತಿಸಲವೂ ಮುಂಜಾನೆಯೇ ಯಾರೋ ಹೆದರಿದ ಪ್ರಯಾಣಿಕರು ಬಂದು ಬಾಗಿಲು ತಟ್ಟುತ್ತಿದ್ದರು, ಏಮಸ್ ಇಲ್ಲವೆನ್ನಲಾರ. ನಾಲ್ಕನೆಯ ಮುಹೂರ್ತ 1932ರ ಮೇ 14, ಶನಿವಾರ. ಅಂದು ಶುಕ್ರವಾರವಾಗಿತ್ತೆಂದು ಹೇಳುವವರು ಪಂಚಾಂಗ ನೋಡುವುದೊಳ್ಳೆಯದು.

ಮದುವೆ ಮಾಡಿಸಬೇಕಾದ ನ್ಯಾಯಾಧೀಶರು ಘಾಟಿಯಾಚೆಯ ಕಿಂಗ್‌ಮನ್ ಊರಿನವರು. ಶನಿವಾರ ಮಧ್ಯಾಹ್ನ ಬಾಗಿಲು ಹಾಕಿ ಮೀನು ಹಿಡಿಯಲು ಹೊರಟುಬಿಡುವವರು. ಹೆಟ್ಟಿ ತನ್ನ ಭಾವನಿಂದ ಪೆಟ್ರೋಲನ್ನು ಎಂಜಿನ್ನಿಗೆ ತಾನೇ ಎತ್ತಿಕೊಡುವ ಪಂಪಿರುವ ಹೊಸ ಕಾರನ್ನು ಕೇಳಿ ತಂದಿದ್ದಳು.

"ಇವತ್ತು ತಪ್ಪಿದ್ರೆ ಇನ್ನು ಮದುವೆ ಮಾತೇ ಇಲ್ಲ," ಎಂದಳು. "ಮತ್ತೆ ಕೇಳು, ಮೂತಿ ಮುಂದೆ ಮಾಡ್ಕೊಂಡು ಹೋಗ್ಬೇಕು. ಊರೆಲ್ಲ ನೋಡೋವಾಗ ನಾನು ಹಿಂದ್ಹಿಂದಕ್ಕೆ ಮದುವೆಗೆ ಹೋಗಲ್ಲ. ಒಂದು ಮಾರು ಹಿಂದಕ್ಕೆ ಹೋದ್ರೂ ಇಳಿದು ಮನೆಗೆ ನಡೀತೀನಿ."

"ಆಯ್ತು ಮಾರಾಯ್ತಿ, ಮಾತು ಕೊಟ್ಟೆ."

ಕಾರು ಮುಮ್ಮುಖವಾಗಿ ಏರತೊಡಗಿತು. ಏಮಸ್‌ನ ಕುತ್ತಿಗೆ ಮಾತ್ರ ಅಭ್ಯಾಸಬಲದಿಂದ ಬಲಕ್ಕೇ ಹೊರಳುತ್ತಿತ್ತು.

"ದಾರಿ ನೋಡು, ಏಮಸ್!"

"ನೋಡ್ತಾ ಇದೀನಲ್ಲ."

"ಅದು ನನ್ನ ಟೋಪಿ ಕಣಯ್ಯಾ!"

ಹೀಗೆಯೇ ದೊಡ್ಡ ತಿರುವಿನವರೆಗೆ ಬಂದರು. ಅಲ್ಲಿ ಕತ್ತೆಗಳಿದ್ದವು. ಹಿಂದೆ ಚಿನ್ನ ಅಗೆಯಲು ಬಂದವರು ಬಿಟ್ಟುಹೋದ ಕತ್ತೆಗಳ ಸಂತಾನವದು. ಕೆಳಗಿನಿಂದ ಕಾರಿನ ಹಿಂಭಾಗ ಏರಿ ಬಂದರೆ ಅದು ಏಮಸ್‌ನದು, ಆತ ಎಸೆಯುವ ರೊಟ್ಟಿ ಬೀಳುವುದು ದಾರಿಯಂಚಿನಲ್ಲಿ, ಆದ್ದರಿಂದ ಅಂಚಿಗೆ ಸರಿಯಬೇಕು: ಇಷ್ಟು ಅವುಗಳಿಗೆ ಆರು ವರ್ಷಗಳಲ್ಲಿ ಕರಗತವಾಗಿತ್ತು. ಕೆಳಗಿನಿಂದ ಮೂತಿ ಏರಿ ಬರುವ ಕಾರನ್ನು ಅವು ಕಂಡೇ ಇರಲಿಲ್ಲ. ನಡುರಸ್ತೆಯಲ್ಲಿ ನಿಂತು ದಿಟ್ಟಿಸಿದವು.

ಏಮಸ್ ಹಾರನ್ನು ಒತ್ತಿದನು. ಹೆಟ್ಟಿ ಮದುವೆಯೂಟಕ್ಕೆಂದು ತಂದಿದ್ದ ಮೆಕ್ಕೆಜೋಳದ ರೊಟ್ಟಿಯನ್ನೆಲ್ಲ ಎಸೆದಳು. ತಿಂದವು, ಮತ್ತೆ ಬಂದು ಅದೇ ಜಾಗದಲ್ಲಿ ನಿಂತವು. ಕೊನೆಗೆ ಆಕೆ ಕೆಳಗಿಳಿದು, ಸೆನೆಟರ್ ಎಂಬ ಹೆಸರಿನ ಹಿರಿಯ ಕತ್ತೆಯ ಸೊಂಟಕ್ಕೆ ಹೆಗಲು ಕೊಟ್ಟು ನೂಕಿದಳು. ಸೆನೆಟರ್ ನಿಧಾನವಾಗಿ ತಲೆ ಹೊರಳಿಸಿ ಆಕೆಯ ಟೋಪಿಯ ಮೇಲಿದ್ದ ಹೂಗಳನ್ನು ಮೇಯಿತು.

ಬಿಸಿಲೇರುತ್ತಿತ್ತು. ಏಮಸ್ ಕೈಕಟ್ಟಿ ಕುಳಿತಿದ್ದನು.

"ಸುಮ್ನೆ ಕೂತಿದೀಯಲ್ಲ, ಏನಾದ್ರೂ ಮಾಡು!"

"ಏನ್ಮಾಡ್ಬೇಕು ಅಂತ ಗೊತ್ತು. ಆದ್ರೆ ನೀನು ಹೇಳ್ದೆ ಮಾಡಲ್ಲ. ಮಾತು ಕೊಟ್ಟಿದೀನಿ."

ಹೆಟ್ಟಿ ಟೋಪಿಯನ್ನು ನೋಡಿದಳು, ಸೂರ್ಯನನ್ನು ನೋಡಿದಳು, ಸೆನೆಟರನನ್ನು ನೋಡಿದಳು.

"ತಿರುಗಿಸು, ಹಾಳಾಗ್ಹೋಗ್ಲಿ!"

ತಿರುವಿನ ಅಗಲದಲ್ಲಿ ಏಮಸ್ ಕಾರು ತಿರುಗಿಸಿ ಹಿಮ್ಮುಖವಾಗಿ ಹೊರಟನು. ಕತ್ತೆಗಳು ತಕ್ಷಣ ಎರಡು ಸಾಲಾಗಿ ಅಂಚಿಗೆ ಸರಿದು, ಬೀಗರಂತೆ ನಿಂತವು.

ಹೆಟ್ಟಿ ಸೆಟೆದು ಕುಳಿತಿದ್ದಳು. ಆದರೆ ಈಗ ಆಕೆಯ ಮುಖ ಕಣಿವೆಯ ಕಡೆಗಿತ್ತು. ಕಾರು ಮೇಲೇರಿದಂತೆ ಊರು ಚಿಕ್ಕದಾಯಿತು, ಕೆಂಗಲ್ಲಿನ ಕೋಡುಗಳು ಒಂದೊಂದಾಗಿ ಪಕ್ಕಕ್ಕೆ ಸರಿದವು, ದೂರದಲ್ಲಿ ಕೊಲರಾಡೊ ನದಿ ಬೆಳ್ಳಿಯ ಎಳೆಯಂತೆ ಹೊಳೆಯಿತು.

"ಏಮಸ್, ಇಷ್ಟು ವರ್ಷ ಇದನ್ನೆಲ್ಲ ನೀನೊಬ್ನೇ ನೋಡ್ತಿದ್ಯಾ?"

"ನಾನೆಲ್ಲಿ ನೋಡ್ದೆ? ನನ್ನ ಮುಖ ಯಾವಾಗ್ಲೂ ಬೆಟ್ಟದ ಕಡೆಗಲ್ವಾ?"

ಶಿಖರದಲ್ಲಿ ಆಕೆ ಕಾರು ನಿಲ್ಲಿಸಲು ಹೇಳಿ, ಆತನ ತಲೆಯನ್ನು ಎರಡೂ ಕೈಗಳಿಂದ ಹಿಡಿದು ಕಣಿವೆಯತ್ತ ತಿರುಗಿಸಿದಳು. ಆತ ಬಾಯಿ ತೆರೆದು ನೋಡಿದನು. ಕುತ್ತಿಗೆ ಲಟಕ್ಕೆಂದಿತು.

ಆಚೆಯ ಇಳಿಜಾರನ್ನು ಮುಮ್ಮುಖವಾಗಿ, ಮರ್ಯಾದೆಯಾಗಿ ಇಳಿದರು. ನ್ಯಾಯಾಧೀಶರು ಗಾಳ ಹೆಗಲಿಗೇರಿಸಿಕೊಂಡು ಮೆಟ್ಟಿಲಿಳಿಯುತ್ತಿದ್ದವರು, ಮೆಟ್ಟಿಲ ಮೇಲೆಯೇ ಮದುವೆ ಮಾಡಿಸಿದರು.

ಅಂದಿನ ಛಾಯಾಚಿತ್ರ ಖಾನಾವಳಿಯ ಗೋಡೆಯ ಮೇಲಿತ್ತು. ಅದರಲ್ಲಿ ವಧುವಿನ ಟೋಪಿ ಬೋಳು. ವರನು ಕ್ಯಾಮೆರಾವನ್ನು ಬಿಟ್ಟು ಬಲಭುಜದ ಪಕ್ಕದಲ್ಲಿದ್ದ ವಧುವನ್ನೇ ನೋಡುತ್ತಿದ್ದಾನೆ.

"ಎಷ್ಟು ಪ್ರೀತಿ ನೋಡಿ!" ಎನ್ನುತ್ತಿದ್ದರು ಊಟಕ್ಕೆ ಬಂದವರು.

"ಪ್ರೀತಿಯೆಲ್ಲಿ ಬಂತು? ಅದು ಕುತ್ತಿಗೆ," ಎಂದು ಹೆಟ್ಟಿ ಅವರ ತಟ್ಟೆಗೆ ಇನ್ನೊಂದು ರೊಟ್ಟಿ ಹಾಕುತ್ತಿದ್ದಳು.